ಕಳಸಗಿತ್ತಿ

೧೭ ಅಕ್ಟೋಬರ್ ೨೦೨೩, ಮಂಗಳವಾರ

ಆಯುಧಪೂಜೆ ಹತ್ತಿರ ಬಂತು. ಶಟರ್ ಎತ್ತುವುದೇ ತಡ, ಅಂಗಡಿ ತುಂಬ ಜನ. ಎಲ್ಲರಿಗೂ ಹಿತ್ತಾಳೆ ದೀಪ, ಹಿತ್ತಾಳೆ ತಟ್ಟೆ. ಒಬ್ಬಾಕೆ ಒಂದೇ ತಂಬಿಗೆಯನ್ನು ಅರ್ಧ ಗಂಟೆ ತಿರುಗಿಸಿ ನೋಡಿ, ಆನ್‌ಲೈನ್‌ನಲ್ಲಿ ಇನ್ನೂ ಚೆನ್ನಾಗಿರೋದು ಸಿಗುತ್ತೆ ಅಂದು ಹೋದಳು. ಹೋಗು ತಾಯಿ, ಅಲ್ಲೇ ತಗೋ. ನನಗೆ ಇವತ್ತು ವ್ಯಾಪಾರವೇ ಬೇಕಿರಲಿಲ್ಲ. ಒಂದು ಕಿವಿಯಲ್ಲಿ ಇಯರ್‌ಫೋನ್, ಅದರಲ್ಲಿ ದೆಹಲಿಯ ಕೋರ್ಟು ಲೈವ್. ಅಪ್ಪನಿಗೆ ಸಪ್ಲೈಯರ್ ಕಾಲ್ ಅಂತ ಹೇಳಿದ್ದೆ.

ನಮ್ಮಂಥ ಜೋಡಿಗಳಿಗೆ ಮದುವೆಯ ಹಕ್ಕು ಇಲ್ಲವಂತೆ. ಬೇಕಿದ್ದರೆ ಪಾರ್ಲಿಮೆಂಟು ಕಾನೂನು ಮಾಡಲಿ ಅಂತೆ. ಇಂಗ್ಲಿಷಿನಲ್ಲಿ ತುಂಬ ಹೊತ್ತು, ತುಂಬ ಮರ್ಯಾದೆಯಿಂದ ಮಾತಾಡಿ ಕೊನೆಗೆ ಇಷ್ಟೇ.

ಯಶೂ ಫೋನ್ ಮಾಡಲಿಲ್ಲ. ಶೇಷಾದ್ರಿಪುರಂ ಆಫೀಸಿನಲ್ಲಿ ಕೂತು ಅವಳೂ ಕೇಳುತ್ತಿದ್ದಳು, ಗೊತ್ತು. ಕಾಲೇಜು ಮುಗಿದಾಗಿನಿಂದ ನಾವಿಬ್ಬರೂ ಜೋಡಿ. ಜನರ ಕಣ್ಣಿಗೆ ಬೆಸ್ಟ್ ಫ್ರೆಂಡ್ಸ್. ಮನೆಯಲ್ಲಿ ಗಂಡು ತೋರಿಸಿದಾಗಲೆಲ್ಲ ಪರೀಕ್ಷೆ, ಪ್ರಮೋಷನ್, ಕೊರೋನಾ ಅಂತ ತಳ್ಳುತ್ತ ಬಂದಳು. ಈ ವರ್ಷ ನನ್ನನ್ನೂ ಹಾಗೇ ತಳ್ಳಿದಳು. ತೀರ್ಪು ಬರಲಿ ಶರೂ, ಆಮೇಲೆ ಅಮ್ಮನಿಗೆ ಹೇಳ್ತೀನಿ ಅಂತ. ಬಂತಲ್ಲ ತೀರ್ಪು. ಈಗ?

ಸಂಜೆ ಒಂದೇ ಮೆಸೇಜು — ಆದ್ರೂ ಹೇಳ್ತೀನಿ.

೨೯ ಅಕ್ಟೋಬರ್, ಭಾನುವಾರ

ಹೇಳಿಬಿಟ್ಟಳು. ನಿಜವಾಗಲೂ ಹೇಳಿಬಿಟ್ಟಳು.

ತ್ಯಾಗರಾಜನಗರದ ಅವರ ಮನೆಯ ಅಡುಗೆಮನೆಯಲ್ಲಿ, ಬೈರಮ್ಮ ಆಂಟಿ ಸೊಪ್ಪು ಬಿಡಿಸುತ್ತಿದ್ದಾಗ. ಅಮ್ಮಾ, ನಾನೂ ಶರಣ್ಯಾನೂ ಬರೀ ಫ್ರೆಂಡ್ಸ್ ಅಲ್ಲ, ನನಗೆ ಅವಳೇ ಬೇಕು, ಬೇರೆ ಯಾರೂ ಬೇಡ — ಎಲ್ಲ ಒಂದೇ ಉಸಿರಿನಲ್ಲಿ. ಆಂಟಿ ಹೊಡೆಯಲಿಲ್ಲ, ಅಳಲಿಲ್ಲ. ಸೊಪ್ಪಿನ ಕಡ್ಡಿಯನ್ನೆಲ್ಲ ಒಂದು ಕವರಿಗೆ ತುಂಬಿ ಗಂಟು ಹಾಕಿದರಂತೆ. ಆಮೇಲೆ, ಮಧ್ಯಾಹ್ನ ಊಟಕ್ಕೆ ಅವಳೂ ಬರ್ತಾಳಾ, ಹಿಟ್ಟು ಜಾಸ್ತಿ ಹಾಕ್ಲಾ ಅಂತ ಕೇಳಿದರಂತೆ.

ಹೋದೆ. ಅಂಕಲ್ ಟಿವಿ ಮುಂದೆ, ಅವರಿಗೆ ಏನೂ ಗೊತ್ತಿಲ್ಲ. ಅವರಮ್ಮ ಮುನಿಯಕ್ಕ ಅಜ್ಜಿ ಎಂದಿನಂತೆ, ಯಾವಾಗ ಊಟ ಹಾಕಿಸ್ತೀಯೆ ಅಂತ ನನ್ನ ಮದುವೆ ವಿಚಾರಕ್ಕೆ ಬಂದರು. ಆಂಟಿ ನನ್ನ ತಟ್ಟೆಗೆ ಎರಡನೇ ಮುದ್ದೆ ಹಾಕಿದರು. ಸಾಕು ಅಂದರೂ ಬಿಡಲಿಲ್ಲ. ಮುಖ ನೋಡಲಿಲ್ಲ. ಆದರೆ ಹಾಕಿದರಲ್ಲ! ಬೇಡದವಳಿಗೆ ಯಾರಾದರೂ ಹೀಗೆ ಬಡಿಸುತ್ತಾರಾ?

ಖುಷಿ. ಹೆದರಿಕೆ. ತಲೆ ಕೆಟ್ಟು ಮೊಸರುಗಡಿಗೆ ಆಗಿದೆ.

೨೬ ನವೆಂಬರ್, ಭಾನುವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯದಿದ್ದರೆ ನಡೆದೇ ಇಲ್ಲ ಅಂತಾಗುತ್ತೆ ಅಂದುಕೊಂಡಿದ್ದೆ ಅಂತ ಕಾಣುತ್ತೆ.

ಅಂಕಲ್‌ಗೆ ದೀಪಾವಳಿ ಮುಂದೆ ಎದೆನೋವು ಬಂತು. ಆಸ್ಪತ್ರೆಯಿಂದ ಬಂದವರೇ ಹಿಡಿದ ಹಟ ಒಂದೇ, ಕಣ್ಣಿರೋವಾಗಲೇ ಮಗಳ ಮದುವೆ ನೋಡಬೇಕು. ಹುಡುಗ ಶಶಿಕುಮಾರ್, ಸಿವಿಲ್ ಇಂಜಿನಿಯರ್, ವಿಜಯನಗರದಲ್ಲಿ ಮನೆ. ನೋಡೋ ಶಾಸ್ತ್ರ ಅಷ್ಟೇ ಅಂದಳು ಯಶೂ. ಅಪ್ಪನ ಸಮಾಧಾನಕ್ಕೆ. ನೋಡಿ ಹೋದರು. ಮಾತುಕತೆ ಅಷ್ಟೇ ಅಂದಳು. ಇವತ್ತು ನಿಶ್ಚಿತಾರ್ಥ. ಅಷ್ಟೇ ಅಷ್ಟೇ ಅನ್ನುತ್ತಲೇ ಇಲ್ಲಿಗೆ ಬಂತು ನೋಡು.

ಜ್ವರ ಅಂತ ಸುಳ್ಳು ಹೇಳಿ ಹೋಗಲಿಲ್ಲ. ಮನೆಯಲ್ಲಿ ಅಪ್ಪ ಮೆಣಸಿನ ಕಷಾಯ ಮಾಡಿಕೊಟ್ಟರು. ಕುಡಿದೆ.

೧೧ ಡಿಸೆಂಬರ್, ಸೋಮವಾರ

ಕಡಲೆಕಾಯಿ ಪರಿಷೆ, ಬಸವನಗುಡಿ ಕಡೆ ರಸ್ತೆ ಎಲ್ಲ ಬಂದ್. ಆದರೂ ಬೈರಮ್ಮ ಆಂಟಿ ಆಟೊ ಬಿಟ್ಟು, ನಡೆದು, ಮತ್ತೆ ಆಟೊ ಹಿಡಿದು ಪೇಟೆಯ ನಮ್ಮ ಅಂಗಡಿಗೆ ಬಂದರು. ನನ್ನ ಹತ್ತಿರಕ್ಕಲ್ಲ. ನೇರ ಅಪ್ಪನ ಹತ್ತಿರ. ಅಪ್ಪ ಎದ್ದು ನಿಂತು ತಮ್ಮ ಕುರ್ಚಿ ಕೊಟ್ಟರು, ಕಾಫಿ ತರಿಸಿದರು. ಆಂಟಿ ಎಲೆ ಅಡಿಕೆ ಮುಂದಿಟ್ಟು ಕೇಳಿದರು. ಯಶೂಗೆ ಒಡಹುಟ್ಟಿದವರು ಇಲ್ಲ, ಮದುವೆಗೆ ಶರಣ್ಯಾನ ಕಳಸಗಿತ್ತಿಯಾಗಿ ಕಳಿಸಿಕೊಡಬೇಕು.

ಕಳಸಗಿತ್ತಿ. ಮದುಮಗಳ ತಂಗಿಯೋ ನಾದಿನಿಯೋ ಆಗುವ ಕೆಲಸ. ಅವಳ ಹಾಗೇ ಸೀರೆ ಉಟ್ಟು, ಅವಳ ಹಾಗೇ ಹೂ ಮುಡಿದು, ಕಳಸ ಹಿಡಿದು ಮಂಟಪದಲ್ಲಿ ಅವಳ ಪಕ್ಕಕ್ಕೇ ನಿಲ್ಲಬೇಕು. ಧಾರೆ ಮುಗಿಯುವವರೆಗೂ ಕಳಸವನ್ನು ಕೆಳಗೆ ಇಡುವಂತಿಲ್ಲ.

ಅಪ್ಪನ ಮುಖ ಅರಳಿತು. ಆದರೂ ಕೇಳಿದರು, ನಾವು ಲಿಂಗಾಯತರು, ನಿಮ್ಮ ನೆಂಟರು ಒಪ್ಪುತ್ತಾರಾ ಅಂತ. ಒಪ್ಪಿಸೋದು ನನಗಿರಲಿ ಅಂದರು ಆಂಟಿ. ಎಲ್ಲ ಗೊತ್ತಿದ್ದೂ ಕೇಳಿದಳಲ್ಲ ಆ ಹೆಂಗಸು! ಹೋಗುವಾಗ ನನ್ನ ಕೆನ್ನೆ ಸವರಿದರು. ಆ ಕೈ ತಳ್ಳಬೇಕು ಅನ್ನಿಸಿತು. ತಳ್ಳಲಿಲ್ಲ. ಒಳಗೆ ಗೋಡೌನಿಗೆ ಹೋಗಿ ಕೊಳದಪ್ಪಲೆಗಳ ಹಿಂದೆ ಕೂತು ಬಾಯಿಗೆ ದುಪಟ್ಟಾ ತುರುಕಿಕೊಂಡು ಅತ್ತೆ.

೨೧ ಜನವರಿ ೨೦೨೪, ಭಾನುವಾರ

ಆಗಲ್ಲ ಅಂತ ಹೇಳಿಯೇ ಬರುತ್ತೇನೆ ಅಂತ ಹೋದೆ. ದಾರಿಯುದ್ದಕ್ಕೂ ಬೈಗುಳ ಪ್ರ್ಯಾಕ್ಟೀಸ್ ಮಾಡಿಕೊಂಡೇ ಹೋದೆ.

ಅಲ್ಲಿ ಆಗಲೇ ಜಗಳ ನಡೆಯುತ್ತಿತ್ತು. ನನ್ನದೇ ವಿಷಯ. ಬೇರೆ ಜಾತಿ ಹುಡುಗಿ ಕಳಸ ಹಿಡಿದರೆ ಆಗಿಬರಲ್ಲ ಅಂತ ಅಜ್ಜಿ. ನನ್ನ ಮಗಳಿರುವಾಗ ಹೊರಗಿನವಳು ಯಾಕೆ, ಹಾಗಿದ್ದರೆ ನಾವು ಮದುವೆಗೇ ಬರಲ್ಲ ಅಂತ ಯಶೂ ಚಿಕ್ಕಪ್ಪ. ಮೂವತ್ತೈದು ವರ್ಷ ಆ ಮನೆಯಲ್ಲಿ ದನಿ ಎತ್ತದ ಆಂಟಿ, ಬರದಿದ್ರೆ ಬಿಡಿ, ಅವಳೇ ಹಿಡಿಯೋದು ಅಂದರು. ನಾನು ಚಪ್ಪಲಿ ಬಿಡುವ ಜಾಗದಲ್ಲೇ ನಿಂತಿದ್ದೆ. ಕೋಪವೆಲ್ಲ ಎಲ್ಲಿ ಹೋಯಿತೋ.

ಆಮೇಲೆ ಆಂಟಿ ನನ್ನನ್ನು ಮಹಡಿಗೆ ಕರೆದುಕೊಂಡು ಹೋದರು. ಒಣಗಿದ ಬಟ್ಟೆ ತೆಗೆಯುತ್ತ, ನನ್ನ ಕೈಗೆ ಒಂದೊಂದೇ ಹಾಕುತ್ತ ಮಾತಾಡಿದರು.

"ನನಗೆ ಕೋರ್ಟು ಗೀರ್ಟು ತಿಳಿಯಲ್ಲ ಮಗ. ನನ್ನ ಮಗಳು ನಿನ್ನ ಜೊತೆ ಇದ್ದಾಗ ನಗ್ತಾಳೆ, ಅದು ತಿಳಿಯುತ್ತೆ. ಆದ್ರೆ ಮನೆಯವರಿಗೆ ಹೇಳೋ ಶಕ್ತಿ ನನಗಿಲ್ಲ. ಅವರ ಎದೆ ನೆನೆಸ್ಕೊಂಡ್ರೆ ನಾಲಿಗೆ ಹೊರಳಲ್ಲ."

ಇನ್ನೊಂದು ಸೀರೆ ತೆಗೆದು ನನ್ನ ತೋಳಿಗೆ ಹಾಕಿದರು.

"ಮಂಟಪದಲ್ಲಿ ಅವಳ ಪಕ್ಕಕ್ಕೆ ಇರೋದು ಎರಡೇ ಜಾಗ. ಒಂದು ನಿನಗೆ ಕೊಡೋಕಾಗ್ಲಿಲ್ಲ. ಇನ್ನೊಂದನ್ನಾದ್ರೂ ಕೊಡ್ತೀನಿ. ಬೇಡ ಅನ್ಬೇಡ."

ಇದಕ್ಕೆ ಏನು ಬೈಯುವುದು? ಬಟ್ಟೆ ಮಡಿಸಿಕೊಟ್ಟು ಬಂದೆ.

೧೧ ಫೆಬ್ರವರಿ, ಭಾನುವಾರ

ಕೃಷ್ಣರಾವ್ ಪಾರ್ಕಿಗೆ ಬಾ ಅಂದಳು ಯಶೂ. ಸಣ್ಣಗಾಗಿದ್ದಾಳೆ. ಬ್ಲೌಸ್ ಎಲ್ಲ ಮತ್ತೆ ಹಿಡಿಸಬೇಕಂತೆ. ಬೆಂಚಿನ ಮೇಲೆ ಇಬ್ಬರೂ ವಾಕಿಂಗಿನವರನ್ನು ನೋಡುತ್ತ ಕೂತೆವು.

ನೀನು ಪಕ್ಕದಲ್ಲಿ ಇಲ್ಲದಿದ್ದರೆ ನಾನು ಆ ಮಂಟಪ ಹತ್ತಲ್ಲ ಅಂದಳು.

ಇದೇ ಸರಿಯಾದ ಹೊತ್ತು ಅನ್ನಿಸಿತು. "ಹಾಗಾದ್ರೆ ನಾನು ಬರಲ್ಲ. ನೀನೂ ಹತ್ಬೇಡ. ಮುಗೀತು."

ನಾನು ಕಾದೆ. ದೇವರೇ, ಹೇಗೆ ಕಾದೆ. ಆಮೇಲೆ ನನ್ನ ಕಿರುಬೆರಳು ಹಿಡಿದುಕೊಂಡು, "ಬಾ ಶರೂ" ಅಂದಳು. ಅಷ್ಟೇ.

ಅದೇ ಉತ್ತರ.

ಹೋಗುತ್ತೇನೆ. ಹಟಕ್ಕೇ ಹೋಗುತ್ತೇನೆ. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅದು ಹೇಗೆ ತಾಳಿ ಕಟ್ಟಿಸಿಕೊಳ್ಳುತ್ತಾಳೋ ನೋಡಿಯೇಬಿಡುತ್ತೇನೆ. ಒಂದು ಮಾತು ಅನ್ನಲಿ ಸಾಕು, ಬೇಡ ಅಂತ ಒಂದೇ ಒಂದು ಮಾತು. ಯಾರು ಅಡ್ಡ ಬಂದರೂ ಕರೆದುಕೊಂಡು ಹೊರಟೆ.

೧೭ ಫೆಬ್ರವರಿ, ಶನಿವಾರ. ಛತ್ರದಲ್ಲಿ, ಸಂಜೆ ಆರು

ರೂಮಿನಲ್ಲಿ ಬರೆಯುತ್ತಿದ್ದೇನೆ. ಹೊರಗೆ ರಿಸೆಪ್ಷನ್ನಿಗೆ ವಾದ್ಯದವರು ಶುರು ಮಾಡಿದ್ದಾರೆ. ಮೇಕಪ್ಪಿನ ಹುಡುಗಿ ಇಬ್ಬರನ್ನೂ ಒಂದೇ ಕನ್ನಡಿ ಮುಂದೆ ಕೂರಿಸಿ ಜಡೆ ಹಾಕಿದಳು. ಅಕ್ಕ ತಂಗೀನಾ, ಒಂದೇ ಥರ ಇದೀರಾ ಅಂದಳು. ಯಶೂ ಹೌದು ಅಂದಳು. ಹೌದಂತೆ! ಸಿಟ್ಟು ನೆತ್ತಿಗೇರಿತು.

ಫೋಟೋದವನು ಹತ್ತಿರ ಹತ್ತಿರ ಬನ್ನಿ ಮೇಡಂ, ಇನ್ನೂ ಸ್ವಲ್ಪ, ಅಂತ ನಿಲ್ಲಿಸಿ ತೆಗೆದ. ನಮ್ಮಿಬ್ಬರಿಗೆ ಮದುವೆ ಫೋಟೋ ಅಂತ ಇದ್ದರೆ ಅದು ಇದೊಂದೇ.

ಕೂಗುತ್ತಿದ್ದಾರೆ. ಹೋಗಬೇಕು.

೧೮ ಫೆಬ್ರವರಿ, ಭಾನುವಾರ

ಆಯಿತು.

ಬರೆಯಲೇಬೇಕು. ಇಲ್ಲದಿದ್ದರೆ ನಾಳೆ ನಾನೇ ನನಗೆ ಬೇರೆ ಕಥೆ ಹೇಳಿಕೊಳ್ಳುತ್ತೇನೆ.

ಮುಹೂರ್ತಕ್ಕೆ ತೆರೆ ಹಿಡಿದರು. ಆ ಕಡೆ ಶಶಿಕುಮಾರ್, ಈ ಕಡೆ ಕೈಯಲ್ಲಿ ಜೀರಿಗೆ ಬೆಲ್ಲ ಹಿಡಿದ ಯಶೂ, ಅವಳಿಗೆ ಒತ್ತಿಕೊಂಡು ಕಳಸ ಹಿಡಿದ ನಾನು. ಪುರೋಹಿತರ ಮಂತ್ರ, ಜನರ ಗಜಿಬಿಜಿ. ಆ ಬಿಳಿ ಬಟ್ಟೆಯ ಈಚೆ ನಾವಿಬ್ಬರೇ.

ತಲೆ ಎತ್ತದೆ ಹೇಳಿದಳು. "ಶರೂ, ನನ್ನ ಕೈಲಾಗಲ್ಲ. ಕರ್ಕೊಂಡು ಹೋಗು."

ಕೇಳಿತು. ಸ್ಪಷ್ಟವಾಗಿ ಕೇಳಿತು. ಇಷ್ಟು ದಿನ ಕಾದ ಮಾತು. ತಿರುಗಿ ನೋಡಿದೆ. ನಮ್ಮ ಬೆನ್ನ ಹಿಂದೆಯೇ, ಮಂಟಪದ ಮೆಟ್ಟಿಲ ಹತ್ತಿರ ಬೈರಮ್ಮ ಆಂಟಿ. ನನ್ನನ್ನೇ ನೋಡುತ್ತಿದ್ದರು. ಎರಡೂ ಕೈ ಮುಗಿದಿದ್ದರು. ಕಣ್ಣಲ್ಲಿ ನೀರು. ಬೇಡ ಕಣೆ, ಮಾನ ಕಳೀಬೇಡ ಅಂತ ಬೇಡಿಕೊಳ್ಳುತ್ತಿದ್ದಾರೆ... ನನಗಾಗಿ ಇಡೀ ನೆಂಟರನ್ನು ಎದುರು ಹಾಕಿಕೊಂಡ ಹೆಂಗಸು. ಅವರ ಮುಖಕ್ಕೆ ಮಸಿ ಬಳಿಯುವುದು ಹೇಗೆ? ಕೈಯಲ್ಲಿ ಬೇರೆ ಕಳಸ.

ಸುಮ್ನಿರು, ಎಲ್ಲರೂ ನೋಡ್ತಿದಾರೆ ಅಂದೆ.

ನಾನು ಅಂದೆ. ರಸ್ತೆಯಲ್ಲಿ ಕೈ ಹಿಡಿಯಲು ಹೋದಾಗಲೆಲ್ಲ ಅವಳ ಬಾಯಲ್ಲಿ ಇದೇ ಮಾತು ಕೇಳಿ ಜಗಳ ಆಡುತ್ತಿದ್ದವಳು ನಾನು.

ತೆರೆ ಇಳಿಯಿತು. ಯಶೂ ಜೀರಿಗೆ ಬೆಲ್ಲ ಹಾಕಿದಳು. ಎಲ್ಲರೂ ನಕ್ಕರು. ತಾಳಿ ಕಟ್ಟುವಾಗ ಅವಳ ಜಡೆ ಎತ್ತಿ ಹಿಡಿಯಬೇಕಾದವಳು ಕಳಸಗಿತ್ತಿಯೇ. ಒಂದು ಕೈಯಲ್ಲಿ ಕಳಸ, ಇನ್ನೊಂದರಲ್ಲಿ ಜಡೆ. ಎತ್ತಿ ಹಿಡಿದೆ. ಆಮೇಲೆ ಅವಳು ನನ್ನ ಕಡೆ ನೋಡಲಿಲ್ಲ. ವಿಜಯನಗರಕ್ಕೂ ಜೊತೆಗೆ ಹೋದೆ, ಅದೂ ಶಾಸ್ತ್ರ. ಹೊಸಿಲಲ್ಲಿ ಸೇರು ಒದ್ದು ಒಳಗೆ ಹೋದಳು, ಅಲ್ಲೂ ನೋಡಲಿಲ್ಲ. ಶಶಿಕುಮಾರ್ ನನಗೆ ನೀರಿನ ಬಾಟಲ್ ತಂದುಕೊಟ್ಟ. ಕೈ ನೋವು ಬಂತೇನೋ, ಕೂತ್ಕೊಳ್ಳಿ ಅಂದ. ಒಳ್ಳೆಯವನು. ಹಾಳಾದವನು, ಒಳ್ಳೆಯವನು.

೨೫ ಫೆಬ್ರವರಿ, ಭಾನುವಾರ

ಆಂಟಿ ಚಾಮರಾಜಪೇಟೆಗೆ, ನಮ್ಮ ಮನೆಗೆ ಬಂದಿದ್ದರು. ಕಳಸಗಿತ್ತಿಗೆ ಸೀರೆ ಕೊಟ್ಟು ಮಡಿಲು ತುಂಬಬೇಕಂತೆ. ಅಪ್ಪ ಹಣ್ಣು ತರಲು ಹೊರಗೆ ಹೋದರು. ನಾನು ಮಣೆಯ ಮೇಲೆ ಸೆರಗು ಒಡ್ಡಿ ಕೂತಿದ್ದೆ. ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿದರು. ಹಾಕುತ್ತ ಹಾಕುತ್ತ ಕೈ ನಿಂತಿತು.

ಯಶೂ ಹೇಗಿದ್ದಾಳೆ ಅಂದೆ. ಮಾತಾಡಲ್ಲ, ಕೇಳಿದ್ದಕ್ಕೆ ಮಾತ್ರ ಉತ್ತರ ಅಂದರು. ನನ್ನ ಫೋನೂ ಎತ್ತುತ್ತಿಲ್ಲ ಅಂದೆ.

"ಅವಳು ಅವತ್ತು ನಿನಗೆ ಹೇಳಿದ್ದು ನನಗೂ ಕೇಳಿಸ್ತು ಮಗ."

ಕಣ್ಣೆತ್ತಲು ಆಗಲಿಲ್ಲ. ನಿಮ್ಮ ಮಾನ ಉಳಿಸಿದೆ ಆಂಟಿ, ನೀವು ಕೈ ಮುಗಿದಿರಲ್ಲ, ಅದಕ್ಕೇ ಸುಮ್ಮನಾದೆ ಅಂದೆ. ಅದನ್ನಾದರೂ ಅವರು ತಿಳಿದಿರಲಿ ಅಂತ.

ಆಂಟಿ ನೆಲದ ಮೇಲೆ ಕೂತುಬಿಟ್ಟರು.

"ಮೆಟ್ಟಿಲಿಗೆ ಅಡ್ಡ ನಿಂತಿದ್ದೆ. ಅವಳ ಮಾತು ಕೇಳಿ ಪಕ್ಕಕ್ಕೆ ಸರಿದೆ. ಬಾಯಿಬಿಟ್ಟು ಹೇಳೋ ಯೋಗ್ಯತೆ ಇರ್ಲಿಲ್ಲ ನನಗೆ, ಅದಕ್ಕೆ ಕೈ ಮುಗಿದೆ. ಕರ್ಕೊಂಡು ಹೋಗವ್ವ ಅಂತ ಮುಗಿದೆ."

ಅಪ್ಪ ಹಣ್ಣು ತಂದರು. ಆಂಟಿ ಕಣ್ಣು ಒರೆಸಿಕೊಂಡು ಎದ್ದರು. ನಾನು ಕಾಲಿಗೆ ಬಿದ್ದೆ, ಶಾಸ್ತ್ರಕ್ಕೆ. ಆಟೊ ಹತ್ತಿಸಿ ಬಂದೆ.

ಪಕ್ಕಕ್ಕೆ ಸರಿದಿದ್ದರಂತೆ. ನಾನು ಕೈ ನೋಡಿದೆ, ಕಾಲು ನೋಡಲಿಲ್ಲ. ದಾರಿ ಇತ್ತು. ಐದೋ ಆರೋ ಮೆಟ್ಟಿಲು, ಆಮೇಲೆ ಛತ್ರದ ಬಾಗಿಲು, ಆಮೇಲೆ ರಸ್ತೆ. ಕಳಸ ಕೆಳಗೆ ಇಟ್ಟಿದ್ದರೆ ಸಾಕಿತ್ತು. ಬಗ್ಗಿ, ಕೆಳಗೆ ಇಟ್ಟು, ಅವಳ ಕೈ ಹಿಡಿದು...