ಅರಮನೆ ದೀಪ ನೋಡಿದ್ದು

ತಂಗಿ ಭಾಗ್ಯಂಗೆ,

ನೀನು ತೀರಿಹೋದ ಮೇಲೆ ನಿನ್ನ ಮಕ್ಕಳಿಗೆ ಅಪ್ಪ, ಅಮ್ಮ, ಮಾವ ಎಲ್ಲಾ ನಾನೇ. ಬಾಗಲಗುಂಟೆಗೇ ನನ್ನಂಥ ಮಾವ ಇನ್ನೊಬ್ಬನಿಲ್ಲ ಬಿಡು! ಭಾನುವಾರ ಪಿಯುಸಿ ಲಾವಣ್ಯ, ಹತ್ತನೇ ಕ್ಲಾಸಿನ ನಂದೀಶ ಇಬ್ಬರನ್ನೂ ಪ್ಯಾಸೆಂಜರ್ ರೈಲಲ್ಲಿ ಮೈಸೂರಿಗೆ ಕರ್ಕೊಂಡೋಗಿದ್ದೆ. ಊಟಕ್ಕೆ ಮನೆ ಚಿತ್ರಾನ್ನ. ಅರಮನೆ ದೀಪ ನೂರು ಸಲ ನೋಡಿದೀನಿ ಅಂತ ದಾರಿಯುದ್ದಕ್ಕೂ ಕೊಚ್ಚಿಕೊಂಡೆ.

ಸಂಜೆ ಏಳಕ್ಕೆ ಅರಮನೆ ಪೂರ್ತಿ ಒಂದೇ ಸಲಕ್ಕೆ ಹತ್ತಿಕೊಂಡಿತು. ಪೀಣ್ಯದಲ್ಲಿ ನಮ್ಮ ಫ್ಯಾಕ್ಟರಿ ಕುಲುಮೆ ಬಾಗಿಲು ತೆಗೆದ ಹಾಗೆ, ಆದರೆ ಬಿಸಿಯೇ ಇಲ್ಲ! ನಾನು ಬಾಯಿ ಬಿಟ್ಕೊಂಡು ನಿಂತುಬಿಟ್ಟೆ.

"ಮಾವ, ನಿಜ ಹೇಳಿ, ನೀವೂ ಇದೇ ಮೊದಲು ನೋಡ್ತಿರೋದು ಅಲ್ವಾ?" ಅಂತ ಲಾವಣ್ಯ ನಕ್ಕಳು.

ಹೌದು ಭಾಗ್ಯ, ಇದೇ ಮೊದಲು. ನೀನು "ಒಂದ್ಸಲ ತೋರ್ಸಣ್ಣ" ಅಂದಾಗಲೆಲ್ಲ, "ನಾನು ನೋಡಿದೀನಿ, ಬರೀ ಬಲ್ಬು" ಅಂತಿದ್ದೆ. ನೀನೂ ನಂಬಿ ಸುಮ್ಮನಾದೆ.

ಬರೀ ಬಲ್ಬಲ್ಲ ಕಣಮ್ಮ.