ಓಡದ ಕ್ಯಾಡಿಲಾಕ್

ವೆಂಬ್ಲಿ, ಲಂಡನ್, 2003

ರೀ,

ನೀವು ತೀರಿಹೋದ ಮೇಲೆ ಇವತ್ತೇ ಮೊದಲ ಸಲ ಮನೆಯಿಂದ ಹೊರಬಿದ್ದೆ. ನಿಮ್ಮ 1956ರ ಕ್ಯಾಡಿಲಾಕ್ ಮಾರೋಣವೆಂದು, ನೀವು ಅದನ್ನು ಇಟ್ಟಿದ್ದ ಗ್ರೀನ್‌ಫರ್ಡಿನ ಗ್ಯಾರೇಜಿಗೆ ಹೋದೆ. ಗ್ಯಾರೇಜಿನ ಕಲ್ಲಯ್ಯ ನಮ್ಮ ಧಾರವಾಡದ ಕಡೆಯವನೇ. ಗಂಡನ ಹೆಸರು ಹೇಳುವ ರೂಢಿ ನನಗೆಲ್ಲಿದೆ? "ಆ ಕ್ರೀಮ್ ಬಣ್ಣದ್ದು ನಮ್ಮ ಮನೀ ಕಾರು, ಮಾರಬೇಕಾಗೇದ" ಎಂದೆ.

ಅವನು ಕೈಮುಗಿದ. "ಅಣ್ಣಾರ ತಂಗಿ ಏನ್ರೀ? ವೈನಿ ಬರಲಿಲ್ಲೇನು? ಅವರಿಗೆ ಈ ಗಾಡಿ ಅಂದ್ರ ಜೀವ. ಐತವಾರ ಬಂತಂದ್ರ ಇಬ್ರೂ ಇದರಾಗ ಬ್ರೈಟನ್ನಿನ ಸಮುದ್ರದ ದಂಡೀಗೆ ಹೊಂಟುಬಿಡ್ತಿದ್ರು."

ವೈನಿ ಎಂದರೆ ನಿಮ್ಮ ಹೆಂಡತಿ. ಅಂದರೆ ನಾನು.

ಎಂಜಿನ್ ಸತ್ತುಹೋಗಿದೆ, ಸುಮ್ಮನೆ ಆಸೆಗೆ ಇಟ್ಟುಕೊಂಡಿದ್ದೇನೆ ಎಂದು ನನಗೆ ಹೇಳಿದ್ದಿರಿ. ಕಲ್ಲಯ್ಯ ಕೀಲಿ ತಿರುಗಿಸಿದ. ಒಂದೇ ಸಲಕ್ಕೆ ಶುರುವಾಯಿತು. ಸ್ಟೀರಿಂಗಿನ ಮೇಲೆ ದಸರೆಯ ಕುಂಕುಮ ಇನ್ನೂ ಇತ್ತು. ನಾನು ಹಚ್ಚಿದ್ದಲ್ಲ.

"ಹೌದು, ನಾನು ತಂಗಿ" ಎಂದೆ.

"ಹಂಗಾದ್ರ ಮಾರೂಕಿಂತ ಮುಂಚೆ ವೈನಿಗೆ ಒಂದು ಮಾತು ಕೇಳ್ರೀ" ಎಂದ.

ಕೇಳುತ್ತೇನೆ ಎಂದು ಬಂದಿದ್ದೇನೆ. ಅವಳ ಹೆಸರನ್ನಾದರೂ ಹೇಳಿ ಹೋಗಬಾರದಿತ್ತೇ?