ರಿಜಿಸ್ಟರಿನ ಪೆನ್ಸಿಲ್ ಚುಕ್ಕೆಗಳು

ಡ್ಯೂಟಿ ಹಂಚುವ ಕೋಣೆ, ಬಸ್ ಡಿಪೋ
ಗುರುವಾರ, ಹದಿನೆಂಟನೇ ತಾರೀಖು

ಪ್ರೀತಿಯ ತಮ್ಮಾ,

ಸೊಂಟನೋವು ಹೇಗಿದೆ? ತರಬೇತಿಯ ಹೊಸ ಬಸ್ಸಿನ ಸೀಟು ಮೆತ್ತಗಿದೆಯಂತೆ, ಅದನ್ನೇ ನಂಬಿಕೊಂಡು ವ್ಯಾಯಾಮ ಬಿಡಬೇಡ. ಮಕ್ಕಳು ಚೆನ್ನಾಗಿದ್ದಾರೆ. ನಿನ್ನ ಹೆಂಡತಿ, ನೀನಿಲ್ಲದೆ ಮನೆ ಎಷ್ಟು ಚೊಕ್ಕಟವಾಗಿದೆ ಎಂದು ದಿನಕ್ಕೆರಡು ಸಲ ಹೇಳಿ, ಆಮೇಲೆ ಕ್ಯಾಲೆಂಡರ್ ನೋಡುತ್ತಾಳೆ. ಇನ್ನು ನನ್ನ ಸುದ್ದಿ. ಹೇಳುವುದು ಎಷ್ಟೋ ಇದೆ, ಅವಸರದಲ್ಲಿ ಅಕ್ಷರ ಸೊಟ್ಟಗಾದರೆ ಸಹಿಸಿಕೋ.

ನೀನು ಹೋದ ಮಾರನೇ ದಿನವೇ, ಡ್ಯೂಟಿ ಹಂಚಲು ಕಂಪ್ಯೂಟರ್ ವ್ಯವಸ್ಥೆ ರೂಪಿಸುವವರು ಬಂದರು. ನಿಯಮದ ಪುಸ್ತಕ ಓದಿ ಒಂದು ಮಾದರಿ ಮಾಡಿ, ನನ್ನ ಚಾರ್ಟಿನ ಪಕ್ಕದಲ್ಲೇ ಓಡಿಸಿ ನೋಡಿದರು. ಅದು ಏನು ಮಾಡಿತು ಗೊತ್ತೇ? ಒಂಬತ್ತು ವರ್ಷದಿಂದ ಮಾತು ಬಿಟ್ಟಿರುವ ಆ ಇಬ್ಬರು ಷಡ್ಡಕರನ್ನು ಒಂದೇ ಬಸ್ಸಿಗೆ ಹಾಕಿತು. ಹಾಗೆ ಕಳಿಸಿದರೆ ಕಂಡಕ್ಟರ್ ರೈಟ್ ಎನ್ನುವುದಿಲ್ಲ, ಡ್ರೈವರ್ ಹೊರಡುವುದಿಲ್ಲ. ಮೂವತ್ತು ವರ್ಷದ ಕೆಲಸಕ್ಕೆ ಕುತ್ತು ಬಂತೆಂದು ಹೆದರಿದ್ದವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆದರೆ ಅವರಲ್ಲೊಬ್ಬಳು ಅನಲಿಸ್ಟ್, ಅಂದರೆ ನಮ್ಮ ಕೆಲಸ ಹೇಗೆ ನಡೆಯುತ್ತದೆಂದು ಕೇಳಿ ತಿಳಿದುಕೊಳ್ಳುವವಳು, ನಿನ್ನ ವಯಸ್ಸಿನವಳು, ಕುರ್ಚಿ ಎಳೆದುಕೊಂಡು ಮೂರು ದಿನ ನನ್ನ ಪಕ್ಕ ಕೂತಳು. ಬಾಯಿ ತೆರೆದರೆ ಯಾಕೆ; ಡಿಪೋದವರೆಲ್ಲ ಅವಳಿಗೆ ಯಾಕಮ್ಮ ಎಂದೇ ಹೆಸರಿಟ್ಟರು. ಮೂರನೇ ದಿನ, ರಿಜಿಸ್ಟರಿನ ಹೆಸರುಗಳ ಪಕ್ಕ ನಾನಿಡುವ ಪೆನ್ಸಿಲ್ ಚುಕ್ಕೆಗಳ ಮೇಲೆ ಬೆರಳಿಟ್ಟಳು. ನೊಣ ಕೂತ ಗುರುತು ಎಂದೆ. ಅವಳು ನಾಲ್ಕು ಪುಟ ತಿರುವಿ, “ಈ ನೊಣ ಬುಧವಾರ ಮಾತ್ರ ಬರುತ್ತಾ ಅಕ್ಕಾ?” ಅಂದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವ ಹಾಗಾಯಿತು ನನಗೆ.

ತಮ್ಮಾ, ಆ ಚುಕ್ಕೆಗಳು ಡಿಪೋದವರು ಈ ಕಿಟಕಿಯ ಬಳಿ ಬಂದು ದನಿ ತಗ್ಗಿಸಿ ಹೇಳಿದ ಮಾತುಗಳು. ಒಬ್ಬರು ಬುಧವಾರ ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕು, ಇನ್ನೊಬ್ಬಳಿಗೆ ಒಂದು ಬೀದಿಯ ಕಡೆ ತಲೆ ಹಾಕುವುದೇ ಬೇಡ. ಯಾರೆಂದು ನಿನಗೂ ಹೇಳುವುದಿಲ್ಲ. ಕಂಪ್ಯೂಟರಿಗೆ ಹಾಕಿದರೆ ಮೇಲಿನವರೆಲ್ಲ ಓದುತ್ತಾರೆ. ಹಾಕದಿದ್ದರೆ, ಒಂದನೇ ತಾರೀಖಿನಿಂದ ಡ್ಯೂಟಿ ಹಂಚುವುದು ಅದೇ ಆದ್ದರಿಂದ, ಇವರನ್ನೆಲ್ಲ ಗೋಳುಹೊಯ್ದುಕೊಳ್ಳುತ್ತದೆ. ರಿಜಿಸ್ಟರ್ ಮುಚ್ಚಿ ಅದರ ಮೇಲೆ ಮೊಣಕೈ ಊರಿ, ಇವು ನನ್ನನ್ನು ನಂಬಿ ಹೇಳಿದ ಗುಟ್ಟುಗಳು, ಕೊಡಲಾರೆ ಎಂದೆ. ಯಾಕಮ್ಮ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದಳು: ಹೆಸರು, ಕೊಡಬಾರದ ಡ್ಯೂಟಿ, ಕಾರಣ. ಆಮೇಲೆ ಮೂರನೆಯದನ್ನು ತಾನೇ ಹೊಡೆದುಹಾಕಿದಳು. “ಏನು ಕೊಡಬಾರದು ಅಂತ ಗೊತ್ತಾದ್ರೆ ಸಾಕು ಅಕ್ಕಾ. ಯಾಕೆ ಅನ್ನೋದು ಅದಕ್ಕೆ ಬೇಡ,” ಅಂದಳು. ಯಾಕೆ ಯಾಕೆ ಎಂದು ನನ್ನ ಪ್ರಾಣ ತಿಂದವಳ ಬಾಯಲ್ಲಿ ಆ ಮಾತು! ಅವಳನ್ನು ಅಪ್ಪಿ ಮುದ್ದಾಡುವಷ್ಟು ಖುಷಿಯಾಯಿತು. ಒಂದೇ ಷರತ್ತು ಹಾಕಿದಳು: ಅವರವರನ್ನು ಕೇಳಿ ಸಹಿ ತೆಗೆದುಕೊಳ್ಳದೆ ಯಾವ ಚುಕ್ಕೆಯೂ ಒಳಗೆ ಹೋಗಬಾರದು.

ಈಗ ನಾನು ಮೀಟಿಂಗಿನಲ್ಲಿ ಮ್ಯಾನೇಜರ್ ಸಾಹೇಬರ ಎದುರೇ ಕೂರುತ್ತೇನೆ. ಪರದೆಯ ಮೇಲೆ ಏನೇನು ಎಲ್ಲಿರಬೇಕು ಎಂದು ನನ್ನನ್ನೇ ಕೇಳುತ್ತಾರೆ. ನಿನ್ನೆ ಮತ್ತೆ ಓಡಿಸಿದಾಗ ನಾನು ತಿದ್ದಿದ್ದು ಎರಡೇ ಎರಡು ಹೆಸರು. ಇಷ್ಟು ವರ್ಷ ಮಾಡಿದ್ದು ಬರೀ ಗುಮಾಸ್ತಿಕೆಯಲ್ಲ, ಅದೂ ಒಂದು ವಿದ್ಯೆ ಎಂದು ನನಗೀಗ ಗೊತ್ತಾಯಿತು. ಸಹಿಗಳೂ ಬಂದವು. ಒಬ್ಬಳು ಸಹಿ ಹಾಕಿ ನನ್ನ ಕೈ ಹಿಡಿದುಕೊಂಡು ನಿಂತೇಬಿಟ್ಟಳು, ಹಿಂದೆ ಸಾಲು ಬೆಳೆಯಿತು. ಇನ್ನೊಬ್ಬ ಮಾತ್ರ, ಅಳಿಸಿಬಿಡಿ, ಈಗ ಪರವಾಗಿಲ್ಲ ಎಂದ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಹೊಸ ಬಸ್ಸನ್ನು ಪಳಗಿಸಿಕೊಂಡು ಬಾ. ನೂರು ಕಾಲ ಸುಖವಾಗಿರು.

ನಿನ್ನ
ಅಕ್ಕ

ತಾ.ಕ.: ಇನ್ನೊಂದು ಸಹಿ ಬಾಕಿ ಇದೆ, ಅದು ನಿನ್ನದು. ಸೇತುವೆಯ ಮೇಲೆ ಬಸ್ಸು ಜಾರಿದ ಮೇಲೆ ನೀನು ಒಂದು ವಾರ ಮನೆಯಲ್ಲೇ ಕೂತಿದ್ದೆಯಲ್ಲ, ಆಗ ಇಟ್ಟ ಚುಕ್ಕೆ. ಎಂಟು ವರ್ಷದಲ್ಲಿ ಒಮ್ಮೆಯೂ ಸೇತುವೆಯ ರೂಟು ನಿನ್ನ ಪಾಲಿಗೆ ಬರಲಿಲ್ಲ. ಅದೃಷ್ಟ ಎಂದು ನೀನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ, ನಾನೂ ಹೌದೆಂದೆ. ಉಳಿದವರೆಲ್ಲ ಕಿಟಕಿಗೆ ಬಂದು ಹೇಳಿದರು, ನೀನೊಬ್ಬ ಹೇಳಲೇ ಇಲ್ಲ. ಈಗ ಕೇಳುತ್ತಿದ್ದೇನೆ: ಇಡಲೋ, ಅಳಿಸಲೋ? ಇಪ್ಪತ್ತೆಂಟರೊಳಗೆ ಒಂದು ಸಾಲು ಬರೆ. ಕಾರಣ ಬರೆಯಬೇಡ, ಅದಕ್ಕೆ ಕಾಲಂ ಇಲ್ಲ.